ತಕ್ಕಡಿಗೆ ಮೂರು ಯುಎಸ್‌ಬಿ ಕೇಬಲ್: ಕೊನೆಗೆ ಉಳಿದದ್ದು ಯಾವುದು?

ಶಿರಸಿ ಕಡೆ ನಮ್ಮದೊಂದು ಸಣ್ಣ ಅಡಿಕೆ ಖರೀದಿ ಅಂಗಡಿ. ಎಲೆಕ್ಟ್ರಾನಿಕ್ ತಕ್ಕಡಿಯ ಹಿಂದೆ ತೂಕವನ್ನು ಕಂಪ್ಯೂಟರಿಗೆ ಕಳಿಸುವ, ಒಂಬತ್ತು ಪಿನ್ನಿನ ಹಳೆ ಕಾಲದ ಸೀರಿಯಲ್ ಪೋರ್ಟ್ ಇದೆ. ಈಗಿನ ಲ್ಯಾಪ್‌ಟಾಪಿನಲ್ಲಿ ಅದೆಲ್ಲಿ ಸಿಗಬೇಕು? ತೂಕ ನೋಡಿ ಕೈಯಲ್ಲೇ ಟೈಪ್ ಮಾಡುತ್ತಿದ್ದೆವು. ಒಂದು ದಿನ 68.450 ಕೆಜಿ ಚಾಲಿ ಅಡಿಕೆ ಬಿಲ್ಲಿನಲ್ಲಿ 64.850 ಆಗಿತ್ತು. ರೈತರೇ ನೋಡಿ ಹೇಳಿದ್ದಕ್ಕೆ ಬಚಾವ್. ಒಂದು ವರ್ಷದ ದುಡಿಮೆಯ ಲೆಕ್ಕ ಅದು, ತಪ್ಪಬಾರದು ಅಲ್ವಾ? ಅವತ್ತೇ, ಆ ಪೋರ್ಟನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಯುಎಸ್‌ಬಿ-ಸೀರಿಯಲ್ ಕೇಬಲ್ ಹುಡುಕಲು ಶುರು ಮಾಡಿದೆ.

ಮನೆಯ ಡ್ರಾಯರಿನಲ್ಲಿ ಒಂದು ಹಳೆಯದಿತ್ತು, ಒಳಗೆ ಪಿಎಲ್2303 ಚಿಪ್. ವಿಂಡೋಸ್ 11ಗೆ ಹಾಕಿದೆ. ಸಿಕ್ಕಿಸಿದ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ, ಜೊತೆಗೆ ಈ ಚಿಪ್ 2012ಕ್ಕೇ ನಿಂತುಹೋಗಿದೆ ಎಂಬ ಸಾಲು. ಈ ಚಿಪ್ಪಿನ ಹಳೆಯ ತಳಿಗಳನ್ನು ಹೊಸ ಡ್ರೈವರ್ (ಕೇಬಲನ್ನು ಕಂಪ್ಯೂಟರಿಗೆ ಪರಿಚಯಿಸುವ ಸಾಫ್ಟ್‌ವೇರ್) ಒಪ್ಪುವುದಿಲ್ಲ. ಅದೇ ಕೇಬಲನ್ನು ಲಿನಕ್ಸ್ ಇರುವ ಹಳೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಏನನ್ನೂ ಹಾಕಿಕೊಳ್ಳದೆ ಕೆಲಸ ಮಾಡಿತು. ಹಾಗಾಗಿ ಎಸೆಯಬೇಡಿ.

ಎರಡನೆಯದು ಪೇಟೆಯಲ್ಲಿ ಕಮ್ಮಿ ರೇಟಿಗೆ ಸಿಕ್ಕ ನೀಲಿ ಕೇಬಲ್. ಡಬ್ಬಿಯ ಮೇಲೆ ಹೆಸರೂ ಇಲ್ಲ. ಒಳಗಿನ ಚಿಪ್ ಸಿಎಚ್340. ಡ್ರೈವರ್ ತಕ್ಷಣ ಕೂತಿತು, ಖುಷಿಯಾಯಿತು. ಆದರೆ ನಮ್ಮ ತಕ್ಕಡಿ ಲ್ಯಾಪ್‌ಟಾಪ್ ಕೇಳಿದರೆ ಮಾತ್ರ ತೂಕ ಹೇಳುತ್ತದೆ. ಹತ್ತು ಸಲ ಕೇಳಿದರೆ ನಾಲ್ಕೈದು ಸಲ ಉತ್ತರವೇ ಇಲ್ಲ! ಎರಡು ದಿನ ಸುಮ್ನೆ ಸಾಫ್ಟ್‌ವೇರ್ ತಡಕಾಡಿದೆ. ಕೊನೆಗೆ ಮಲ್ಟಿಮೀಟರ್ ತೆಗೆದೆ. ಕೇಬಲನ್ನು ಲ್ಯಾಪ್‌ಟಾಪಿಗೆ ಮಾತ್ರ ಸಿಕ್ಕಿಸಿ, ಕಪ್ಪು ಕಡ್ಡಿಯನ್ನು 5ನೇ ಪಿನ್ನಿಗೂ (ಗ್ರೌಂಡ್) ಕೆಂಪನ್ನು ಲ್ಯಾಪ್‌ಟಾಪ್ ಮಾತು ಕಳಿಸುವ 3ನೇ ಪಿನ್ನಿಗೂ ಮುಟ್ಟಿಸಿದೆ. ಮೀಟರ್ ಸೊನ್ನೆಯ ಹತ್ತಿರವೇ ನಿಂತಿತ್ತು.

ಗುಟ್ಟು ಅಲ್ಲಿತ್ತು. ಸೀರಿಯಲ್ ಪೋರ್ಟಿನ ನಿಯಮವಾದ ಆರ್‌ಎಸ್-232 ಪ್ರಕಾರ ಆ ಲೈನು ಸುಮ್ಮನಿರುವಾಗ ಮೈನಸ್ 3ರಿಂದ ಮೈನಸ್ 15 ವೋಲ್ಟಿನ ಒಳಗೆ ಇರಬೇಕು. ಅದಕ್ಕೆ ವೋಲ್ಟೇಜ್ ಬದಲಿಸುವ ಇನ್ನೊಂದು ಚಿಪ್ ಬೇಕು. ಈ ಕೇಬಲಿನಲ್ಲಿ ಅದನ್ನೇ ಬಿಟ್ಟಿದ್ದಾರೆ. ಕೆಲವು ಯಂತ್ರಗಳು ಸೊನ್ನೆ ವೋಲ್ಟನ್ನೂ ಒಪ್ಪಿಕೊಳ್ಳುತ್ತವೆ. ಅದಕ್ಕೇ ಒಬ್ಬರಿಗೆ ಇದು ಚೆನ್ನಾಗಿ ನಡೆಯುತ್ತದೆ, ಇನ್ನೊಬ್ಬರಿಗೆ ಕೈಕೊಡುತ್ತದೆ. ತಪ್ಪು ಸಿಎಚ್340ದಲ್ಲ. ಅದೇ ಚಿಪ್ ಹಾಕಿ ಸರಿಯಾಗಿ ಮಾಡಿದ ಕೇಬಲ್‌ಗಳೂ ಇವೆ.

ಮೂರನೆಯದು ಎಫ್‌ಟಿಡಿಐ ಕಂಪನಿಯ ಚಿಪ್ಪಿನದು, ಎಫ್‌ಟಿ232ಆರ್. ನೀಲಿಯದಕ್ಕಿಂತ ಐದು ಪಟ್ಟು ಜಾಸ್ತಿ ಕೊಟ್ಟೆ. ಮೀಟರಿನಲ್ಲಿ ಮೈನಸ್ ಐದೂವರೆ ವೋಲ್ಟ್. ಕೇಳಿದಾಗಲೆಲ್ಲ ತೂಕ ಬಂತು. ಇನ್ನೊಂದು ಲಾಭ ಆಮೇಲೆ ಗೊತ್ತಾಯಿತು. ನೀಲಿಯದನ್ನು ಬೇರೆ ಯುಎಸ್‌ಬಿ ತೂತಿಗೆ ಹಾಕಿದರೆ ವಿಂಡೋಸ್ ಕೊಡುವ ಪೋರ್ಟ್ ನಂಬರ್ ಕಾಮ್ 3 ಇದ್ದದ್ದು ಕಾಮ್ 5 ಆಗುತ್ತಿತ್ತು, ಬಿಲ್ಲಿಂಗ್ ನಿಲ್ಲುತ್ತಿತ್ತು. ಎಫ್‌ಟಿಡಿಐ ಕೇಬಲಿಗೆ ತನ್ನದೇ ಸೀರಿಯಲ್ ನಂಬರ್ ಇರುವುದರಿಂದ ಎಲ್ಲಿಗೆ ಹಾಕಿದರೂ ಅದೇ ಕಾಮ್ ನಂಬರ್. ಅಂಗಡಿಯಲ್ಲಿ ಬೇರೆಯವರೂ ಕೂರುತ್ತಾರೆ ಅಂದರೆ ಇದೊಂದಕ್ಕೇ ದುಡ್ಡು ಕೊಡಬಹುದು.

ಆದರೆ ನಂಬಿಕೆಯ ಕಡೆಯೇ ಕೊಳ್ಳಿ. ಈ ಚಿಪ್ಪಿನ ನಕಲು ಬಹಳ. 2014ರಲ್ಲಿ ಎಫ್‌ಟಿಡಿಐಯ ವಿಂಡೋಸ್ ಡ್ರೈವರ್ ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿ ಅವನ್ನು ಮೂಲೆಗೆ ಕೂರಿಸಿತ್ತು.

ಯಾವ ಕೇಬಲ್ ತಂದರೂ ಮೊದಲು ತಕ್ಕಡಿಯ ಪುಸ್ತಕದಲ್ಲಿ ಬಾಡ್ ರೇಟ್, ಅಂದರೆ ಡೇಟಾ ಕಳಿಸುವ ವೇಗ, ನೋಡಿ; ಸಾಫ್ಟ್‌ವೇರಿನಲ್ಲೂ ಅದೇ ಇರಬೇಕು. ನಮ್ಮದು 9600. ಅದೂ ಸರಿಯಿದ್ದು ಒಂದಕ್ಷರವೂ ಬರದಿದ್ದರೆ 2 ಮತ್ತು 3ನೇ ಪಿನ್ ಅದಲುಬದಲು ಮಾಡುವ ನಲ್ ಮೋಡೆಮ್ ಅಡಾಪ್ಟರ್ ನಡುವೆ ಹಾಕಿ ನೋಡಿ.

ಹಳೆಯ ಪಿಎಲ್2303 ಈಗ ಗೋದಾಮಿನ ಲಿನಕ್ಸ್ ಕಂಪ್ಯೂಟರಿನಲ್ಲಿದೆ. ಅಂಗಡಿಯ ತಕ್ಕಡಿಗೆ ಎಫ್‌ಟಿಡಿಐ, ಸ್ಕ್ರೂ ಬಿಗಿದು ಟೇಪ್ ಸುತ್ತಿದ್ದೇನೆ. ಲ್ಯಾಪ್‌ಟಾಪಿನ ಪರದೆ ರೈತರ ಕಡೆಗೇ ತಿರುಗಿದೆ. ಮೂಟೆ ಇಟ್ಟ ಕೂಡಲೇ ಅವರೂ ನಾವೂ ಒಟ್ಟಿಗೇ ತೂಕ ಓದುತ್ತೇವೆ.