ಕೊಣಾಜೆಯೋ, ಮಣಿಪಾಲವೋ?

ಡಿಗ್ರಿ ಮುಗಿಸಿ ಕರಾವಳಿಯಲ್ಲೇ ಸ್ನಾತಕೋತ್ತರ ಓದಬೇಕು ಎನ್ನುವವರಿಗೆ ಎರಡು ಹೆಸರು ಎದುರಾಗುತ್ತವೆ: ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ, ಮಣಿಪಾಲದ ಮಾಹೆ (ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಷನ್).

ಮೊದಲು ದುಡ್ಡು. ಕೊಣಾಜೆಯದು 1980ರಲ್ಲಿ ಶುರುವಾದ ಸರ್ಕಾರಿ ವಿ.ವಿ. ಮಾಹೆ 1993ರಲ್ಲಿ ಡೀಮ್ಡ್ ವಿ.ವಿ. (ವಿಶ್ವವಿದ್ಯಾನಿಲಯಕ್ಕೆ ಸಮಾನ) ಮಾನ್ಯತೆ ಪಡೆದ ಖಾಸಗಿ ಸಂಸ್ಥೆ. ಶುಲ್ಕದ ಅಂತರ ಸಣ್ಣದಲ್ಲ. ಸಾಲಕ್ಕೆ ಸಹಿ ಹಾಕುವ ಮೊದಲು ಹಾಸ್ಟೆಲು, ಮೆಸ್ಸಿನ ಖರ್ಚನ್ನೂ ಕೂಡಿಸಿ ನೋಡಿ.

ವಿಷಯ ಯಾವುದು ಎನ್ನುವುದೂ ಮುಖ್ಯ. ಕನ್ನಡ, ತುಳು, ಸಾಗರ ಭೂವಿಜ್ಞಾನ ಓದುವುದಾದರೆ ನಾನು ಎರಡನೇ ಯೋಚನೆ ಮಾಡದೆ ಕೊಣಾಜೆ ಎನ್ನುತ್ತೇನೆ. ಆರೋಗ್ಯ ವಿಜ್ಞಾನಕ್ಕೆ ಮಣಿಪಾಲವೇ. ಆಸ್ಪತ್ರೆ ಕ್ಯಾಂಪಸ್ಸಿಗೆ ಅಂಟಿಕೊಂಡೇ ಇದೆ.

ಇನ್ನು ಬದುಕು. ಕರಾವಳಿ ಎಂದಾಕ್ಷಣ ಕಿಟಕಿ ತೆರೆದರೆ ಸಮುದ್ರ ಎಂದುಕೊಳ್ಳಬೇಡಿ, ಎರಡೂ ಗುಡ್ಡದ ಮೇಲಿವೆ. (ಕ್ಯಾಂಪಸ್ಸಿನ ಪಕ್ಕದಲ್ಲೇ ಅಲೆ ಬೇಕಿದ್ದರೆ ಸುರತ್ಕಲ್ಲಿನ ಎನ್‌ಐಟಿಕೆ ಇದೆ, ಆದರೆ ಅದು ಎಂಜಿನಿಯರಿಂಗ್ ಸಂಸ್ಥೆ, ಅದರ ದಾರಿಯೇ ಬೇರೆ.) ಕೊಣಾಜೆಯ ಸಂಜೆ ಮೌನದ್ದು. ಪೇಟೆ ಬೇಕೆಂದರೆ ಬಸ್ಸು ಹತ್ತಿ ಮಂಗಳೂರಿನ ಹಂಪನಕಟ್ಟೆಗೆ ಇಳಿಯಬೇಕು, ಕೊನೆಯ ಬಸ್ಸಿನ ಹೊತ್ತು ನೆನಪಿರಬೇಕು. ಪಕ್ಕದ ಬೆಂಚಿನಲ್ಲಿ ತುಳು, ಬ್ಯಾರಿ, ಕಾಸರಗೋಡಿನ ಕನ್ನಡ ಎಲ್ಲವೂ ಕೇಳುತ್ತದೆ. ಮಣಿಪಾಲದಲ್ಲಿ ದೇಶದ ಮೂಲೆಮೂಲೆಯವರು. ಹಿಂದಿ, ಇಂಗ್ಲಿಷಿನಲ್ಲೇ ದಿನ ಕಳೆಯಬಹುದು. ತಿನ್ನಲು ಹತ್ತಾರು ಆಯ್ಕೆ, ಕಿಸೆಗೆ ಅಷ್ಟೇ ತೂತು. ಬೇಸರವಾದರೆ ಉಡುಪಿ ಹತ್ತಿರ, ಮಲ್ಪೆಯೂ ದೂರವಲ್ಲ.

ಜೂನ್ ಬಂದರೆ ಮಾತ್ರ ಇಬ್ಬರಿಗೂ ಒಂದೇ ಗತಿ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಒಂದೆರಡು ಜೊತೆ ಹೆಚ್ಚಿಗೇ ತನ್ನಿ.