ವ್ಯಾನಿನೊಳಗೆ ಗ್ಯಾಸ್ ಗೀಸರ್ ಹಾಕಿಸಿಕೊಂಡವರು ಇದನ್ನೊಮ್ಮೆ ಓದಿ

ಟೆಂಪೋ ಟ್ರಾವೆಲರ್ ತಗೊಂಡು ಅದರೊಳಗೆ ಮಂಚ, ಅಡುಗೆ ಕಟ್ಟೆ, ಪುಟ್ಟದೊಂದು ಬಚ್ಚಲು ಮಾಡಿಸಿಕೊಂಡು ಊರೂರು ಸುತ್ತುವವರು ಈಗ ನಮ್ಮ ಹಾಸನದ ಕಡೆಯೂ ಇದ್ದಾರೆ. ನಾನೂ ಅವರಲ್ಲೊಬ್ಬ. ನಿಮ್ಮ ಗಾಡಿಯಲ್ಲೂ ಮನೆ ಬಚ್ಚಲಿಗೆ ಹಾಕುವ ಮಾಮೂಲಿ ಗ್ಯಾಸ್ ಗೀಸರನ್ನೇ ಒಳಗಡೆ ನೇತುಹಾಕಿದ್ದರೆ, ಮೊದಲು ಹೋಗಿ ಸಿಲಿಂಡರ್ ಆಫ್ ಮಾಡಿ ಬನ್ನಿ. ಆಮೇಲೆ ಓದಿ.

ಮಳೆಗಾಲ ಪೂರ್ತಿ ನಮ್ಮ ಗಾಡಿ ಮನೆ ಮುಂದೆ ಶೀಟಿನ ಕೆಳಗೆ ನಿಂತಿತ್ತು. ಡಿಸೆಂಬರ್‌ನಲ್ಲಿ ಮಕ್ಕಳಿಗೆ ರಜೆ ಸಿಕ್ಕಿತು ಅಂತ ಹೆಂಡತಿ, ಇಬ್ಬರು ಮಕ್ಕಳು, ಬಾಮೈದ ಎಲ್ಲರನ್ನೂ ಹತ್ತಿಸಿಕೊಂಡು ಬೇಲೂರು ಮೇಲೆ ಚಿಕ್ಕಮಗಳೂರಿಗೆ ಹೊರಟೆ. ಮಲ್ಲಂದೂರು ಕಡೆ ಗೆಳೆಯನ ತೋಟ ಇದೆ. ಅವನ ಕಾಫಿ ಕಣದ ಪಕ್ಕದಲ್ಲೇ ಗಾಡಿ ನಿಲ್ಲಿಸಿದೆವು. ಕೊಯ್ಲು ಜೋರಾಗಿ ನಡೀತಿತ್ತು, ಕಣದ ತುಂಬ ಕಾಫಿ ಹರಡಿತ್ತು. ರಾತ್ರಿ ಎಂಥಾ ಚಳಿ ಅಂದ್ರೆ ಕಿಟಕಿ, ಮೇಲಿನ ಗಾಳಿಕಿಂಡಿ ಎಲ್ಲಾ ಭದ್ರವಾಗಿ ಮುಚ್ಚಿಕೊಂಡು ಮಲಗಿದೆವು. ಬೆಳಿಗ್ಗೆಯೂ ಯಾರೂ ಅದನ್ನು ತೆಗೆಯಲಿಲ್ಲ.

ಬೆಳಿಗ್ಗೆ ಬಾಮೈದ ಸ್ನಾನಕ್ಕೆ ಹೋದವನು ಕೂಗಿದ, "ಭಾವ, ಟಕಟಕ ಅಂತಿದೆ, ಹತ್ತುತ್ತಾ ಇಲ್ಲ."

ಈ ಗೀಸರ್ ಕೆಲಸ ಮಾಡುವ ರೀತಿ ಸರಳ. ನಲ್ಲಿ ತಿರುಗಿಸಿದರೆ ನೀರಿನ ಒತ್ತಡಕ್ಕೆ ಒಳಗಿನ ರಬ್ಬರ್ ಡಯಾಫ್ರಂ ಉಬ್ಬಿ ಒಂದು ಸ್ವಿಚ್ ಒತ್ತುತ್ತೆ, ಸೆಲ್‌ನಿಂದ ಕಿಡಿ ಹಾರುತ್ತೆ, ಗ್ಯಾಸ್ ವಾಲ್ವ್ ತೆರೆಯುತ್ತೆ. ಅಷ್ಟೇ. ಹಾಗಾಗಿ ಮೊದಲು ಸೆಲ್ ನೋಡಿದೆ. ಟಾರ್ಚಿಗೆ ಹಾಕುವ ದಪ್ಪ ಸೆಲ್ ಎರಡು, ಒಂದು ಸೋರಿ ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟಿತ್ತು. ಉಪ್ಪು ಕಾಗದದಲ್ಲಿ ಉಜ್ಜಿ, ತೋಟದ ಲೆಕ್ಕ ನೋಡುವ ರೈಟರ್ ಕೊಟ್ಟ ಹೊಸ ಸೆಲ್ ಹಾಕಿದೆ. ಕಿಡಿ ಜೋರಾಯ್ತು, ಉರಿ ಬರಲಿಲ್ಲ. ಸಿಲಿಂಡರ್ ಬದಲಿಸಿದೆ. ಪೈಪಿನಲ್ಲಿ ಗಾಳಿ ತುಂಬಿಕೊಂಡಿರುತ್ತಲ್ಲ, ಅದು ಹೋಗುವವರೆಗೆ ನಾಲ್ಕೈದು ಸಲ ನಲ್ಲಿ ತಿರುಗಿಸಿದೆ. ಅಷ್ಟರಲ್ಲಿ ಗ್ಯಾಸ್ ವಾಸನೆ ಬಂತು. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಗಾಡಿಯ ನೆಲದಲ್ಲೇ ಕೂತಿರುತ್ತೆ, ಆಗ ಕಿಡಿ ಹಾರಿಸಿದರೆ ಕತೆ ಮುಗೀತು. ಇದು ನನಗೆ ಗೊತ್ತಿತ್ತು. ಹಾಗಾಗಿ ಬಾಗಿಲು ತೆಗೆದು ಹತ್ತು ನಿಮಿಷ ಹೊರಗೆ ನಿಂತೆ, ಆಮೇಲೆ ಸೋಪಿನ ನೊರೆ ಹಚ್ಚಿ ಪೈಪಿನ ಜಾಯಿಂಟ್ ಎಲ್ಲಾ ನೋಡಿದೆ. ಎಷ್ಟು ಜಾಣ ಅಲ್ವಾ ನಾನು!

ಮತ್ತೆ ಬಾಗಿಲು ಹಾಕಿ ನಲ್ಲಿ ತಿರುಗಿಸಿದರೆ ಈ ಸಲ ಹತ್ತಿತು, ಆದರೆ ಮರುಕ್ಷಣ ಆರಿತು. ಹತ್ತಿತು, ಆರಿತು. ಅದು ಪಂಪಿನ ಕಾಟ. ಗಾಡಿಯ 12 ವೋಲ್ಟ್ ಪಂಪು ನೀರನ್ನು ಒಂದೇ ಸಮ ತಳ್ಳುವುದಿಲ್ಲ, ನಲ್ಲಿ ಸ್ವಲ್ಪವೇ ತೆರೆದಿದ್ದರೆ ನಿಂತು ನಿಂತು ಓಡುತ್ತೆ, ಅದರ ಜೊತೆ ಗೀಸರೂ ಹತ್ತಿ ಆರುತ್ತೆ. ಪಂಪಿನ ಜಾಲರಿಯಲ್ಲಿ ಪಾಚಿ ಕಟ್ಟಿತ್ತು, ತೊಳೆದು ಹಾಕಿದೆ. ನಲ್ಲಿ ಪೂರ್ತಿ ತಿರುಗಿಸಿದೆ. ಭಗ್ ಅಂತ ಹತ್ತಿ ನಿಂತಿತು. ಬಿಸಿನೀರು!

ಎಡವಿದ್ದು ಇಲ್ಲೇ. ಒಂದೂವರೆ ಗಂಟೆ ಒದ್ದಾಡಿದ್ದಕ್ಕೆ ಉರಿ ಕಂಡಿತಲ್ಲ ಅಂತ ಖುಷಿಯಲ್ಲಿ ಸ್ಕ್ರೂಡ್ರೈವರ್ ಎತ್ತಿಟ್ಟು ಕಾಫಿ ಕುಡಿಯೋಕೆ ಹೋದೆ. ಉರಿ ಹಳದಿ ಇತ್ತು. ಸರಿಯಾಗಿ ಉರಿಯುವ ಗ್ಯಾಸು ನೀಲಿ ಇರಬೇಕು ಅಂತ ಅಡುಗೆ ಒಲೆ ನೋಡಿದವರಿಗೆಲ್ಲ ಗೊತ್ತು. ಉರಿಯ ನಾಲಿಗೆ ಕಿಂಡಿಯಿಂದ ಹೊರಗೆ ಚಾಚುತ್ತಿತ್ತು, ಮೇಲಿನ ತಗಡಿಗೆ ಮಸಿ ಹಿಡಿದಿತ್ತು. ನೋಡಿದ್ದೆ. ತಲೆಗೆ ಹೋಗಲಿಲ್ಲ.

ಮೊದಲು ಮಗಳು ಸ್ನಾನ ಮುಗಿಸಿ ಬಂದಳು, ತಲೆನೋವು ಅಂದಳು. ಹಿಂದಿನ ದಿನ ಘಾಟಿ ತಿರುವಿನಲ್ಲಿ ಅವಳು ವಾಂತಿ ಮಾಡಿದ್ದಳು, ಅದೇ ಇರಬೇಕು ಅಂದುಕೊಂಡೆವು. ಆಮೇಲೆ ಬಾಮೈದ ಒಳಗೆ ಹೋದ. ಹತ್ತು ನಿಮಿಷ ಆಗಿರಬಹುದು, ಚೊಂಬು ಬಿದ್ದ ಸದ್ದು ಬಂತು. ಕರೆದರೆ ಉತ್ತರ ಇಲ್ಲ. ಬಚ್ಚಲಿನ ಮಡಚು ಬಾಗಿಲು ಎಳೆದು ಕಿತ್ತೆ. ಗೋಡೆಗೆ ಒರಗಿ ಕುಸಿದು ಕೂತಿದ್ದ, ಕಣ್ಣು ಅರೆತೆರೆದಿತ್ತು, ಮೇಲೆ ನೀರು ಸುರೀತಾನೇ ಇತ್ತು. ನಾನೂ ರೈಟರೂ ಸೇರಿ ಎಳೆದುಕೊಂಡು ಬಂದು ಕಣದ ಮೇಲೆ, ಕಾಫಿಯ ಮೇಲೆಯೇ ಮಲಗಿಸಿದೆವು. ಗಾಳಿಗೆ ಐದಾರು ನಿಮಿಷದಲ್ಲಿ ಕಣ್ಣು ಬಿಟ್ಟ, ಮಾತು ತೊದಲುತ್ತಿತ್ತು.

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ರಕ್ತದ ಆಕ್ಸಿಜನ್ ಅಳೆಯುವ ಕ್ಲಿಪ್ ಬೆರಳಿಗೆ ಹಾಕಿದರು. 98 ತೋರಿಸಿತು. ಸದ್ಯ, ಏನೂ ಇಲ್ಲ ಅಂತ ಉಸಿರುಬಿಟ್ಟೆ. ಡಾಕ್ಟರ್ ಬಂದು ಗೀಸರ್ ಮಾತು ಕೇಳಿದ ತಕ್ಷಣ ಕ್ಲಿಪ್ ಕಡೆ ನೋಡಲೂ ಇಲ್ಲ, ಬಾಮೈದನಿಗೂ ಮಗಳಿಗೂ ಆಕ್ಸಿಜನ್ ಮಾಸ್ಕ್ ಹಾಕಿಸಿ ರಕ್ತ ಪರೀಕ್ಷೆಗೆ ಬರೆದರು. ಕಾರ್ಬನ್ ಮೊನಾಕ್ಸೈಡ್, ಗಾಳಿ ಸಾಲದೆ ಗ್ಯಾಸು ಅರೆಬರೆ ಉರಿದಾಗ ಹುಟ್ಟುವ ವಿಷಾನಿಲ. ಇದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತಂತೆ. "ಆ ಕ್ಲಿಪ್ಪಿಗೆ ಎರಡೂ ಒಂದೇ ಥರ ಕಾಣುತ್ತೆ, ಅದನ್ನ ನಂಬಬೇಡಿ" ಅಂದರು. ಗಾಡಿಯಲ್ಲಿ ಗ್ಯಾಸ್ ಅಲಾರಂ ಇದೆಯಲ್ಲ ಸಾರ್, ಕೂಗಲೇ ಇಲ್ಲವಲ್ಲ ಅಂದೆ. ಅದು ಅಡುಗೆ ಗ್ಯಾಸ್ ಸೋರಿದರೆ ಕೂಗುವಂಥದ್ದು. ಇದಕ್ಕೆ ಬೇರೆಯದೇ ಅಲಾರಂ ಬೇಕು. ವಾಸನೆಯೂ ಇಲ್ಲ, ಬಣ್ಣವೂ ಇಲ್ಲ ಈ ಹಾಳು ಅನಿಲಕ್ಕೆ. ಇಬ್ಬರೂ ಮಾರನೇ ದಿನ ತೋಟಕ್ಕೆ ವಾಪಸ್ ಬಂದರು.

ಗೀಸರ್ ಬಿಚ್ಚಿದಾಗ ವಿಷಯ ಹೊರಬಂತು. ಹೊಗೆ ಹೊರಗೆ ಹೋಗಲಿ ಅಂತ ಹಾಕಿದ್ದ ಮೂರಿಂಚಿನ ಪೈಪಿನೊಳಗೆ ಕುಂಬಾರ ಹುಳ ಗೂಡು ಕಟ್ಟಿತ್ತು. ಒಣಗಿದ ಕೆಮ್ಮಣ್ಣು, ಬೆರಳು ಗಾತ್ರದ ನಾಲ್ಕು ಗೂಡು ಒಂದಕ್ಕೊಂದು ಅಂಟಿಕೊಂಡು ಮುಕ್ಕಾಲು ಪೈಪು ಮುಚ್ಚಿತ್ತು. ಬರ್ನರ್ ತೂತಿನಲ್ಲಿ ಜೇಡರ ಬಲೆ ಬೇರೆ. ನಾಲ್ಕು ತಿಂಗಳು ಸುಮ್ನೆ ನಿಂತ ಗಾಡಿ, ಹುಳ ಏನು ಮಾಡುತ್ತೆ ಪಾಪ.

ಆದರೆ ಹುಳವನ್ನು ಬೈದು ಪ್ರಯೋಜನ ಇಲ್ಲ. ಇಂಥ ಗಾಡಿಗೆಂದೇ ಮಾಡಿದ ವಾಟರ್ ಹೀಟರ್ ಬೇರೆ ಇರುತ್ತೆ, ಅದರ ಉರಿಪೆಟ್ಟಿಗೆಯು ಗಾಡಿಯೊಳಗಿನ ಗಾಳಿಯನ್ನು ಮುಟ್ಟುವುದೇ ಇಲ್ಲ, ಹೊರಗಿನಿಂದ ಗಾಳಿ ಎಳೆದು ಹೊರಗೇ ಹೊಗೆ ಬಿಡುತ್ತೆ. ನಮ್ಮದು ಮನೆಯದು. ನಾಲ್ಕೈದು ಅಡುಗೆ ಒಲೆ ಒಟ್ಟಿಗೆ ಉರಿಸಿದಷ್ಟು ಗ್ಯಾಸ್ ಸುಡುತ್ತೆ, ಅದೂ ಮೂರಡಿ ಬಚ್ಚಲಿನ ಪಕ್ಕ, ಕಿಟಕಿ ಮುಚ್ಚಿದ ಡಬ್ಬಿಯೊಳಗೆ. ಗಾಡಿ ಮಾಡಿಕೊಟ್ಟವನಿಗೆ ಫೋನ್ ಮಾಡಿದರೆ, "ಪೈಪ್ ಕ್ಲೀನ್ ಮಾಡಿಸಿ ಸಾರ್, ಸರಿ ಹೋಗುತ್ತೆ, ಇನ್ನೂ ಆರು ಗಾಡಿಗೆ ಹಿಂಗೇ ಹಾಕಿದೀನಿ" ಅಂದ. ಆ ಆರು ಗಾಡಿ ಯಾರದ್ದೋ ನನಗೆ ಗೊತ್ತಿಲ್ಲ, ಇಷ್ಟುದ್ದ ಬರೆದದ್ದು ಅದಕ್ಕೇ.

ಉಳಿದ ಎರಡು ದಿನ ತೋಟದ ಬಚ್ಚಲಲ್ಲಿ, ಕಾಫಿ ಕಟ್ಟಿಗೆಯಲ್ಲಿ ಕಾಯಿಸಿದ ಹಂಡೆ ನೀರು ಸ್ನಾನ. ಹಾಸನಕ್ಕೆ ಬಂದ ಮೇಲೆ ಗೀಸರನ್ನು ಗುಜರಿಗೆ ಒಯ್ದೆ. ತಿರುಗಿಸಿ ಮುರುಗಿಸಿ ನೋಡಿ, "ಹತ್ತುತ್ತಾ ಸಾರ್ ಇದು?" ಅಂತ ಕೇಳಿದ. ಅವನ ಹತ್ತಿರವೇ ಸುತ್ತಿಗೆ ಇಸಕೊಂಡು ಬರ್ನರ್ ಜಜ್ಜಿ ಕೊಟ್ಟೆ. ತೂಕದ ಲೆಕ್ಕದಲ್ಲಿ ದುಡ್ಡು ಕೊಟ್ಟ.