ಡಬ್ಬಿ ಮೇಲೆ ‘ಚರಿತ್ರೆಗೆ ತಕ್ಕ ಮಾದರಿ’ ಅಂತ ಬರೆದಿದ್ದರೆ ಮೊದಲು ಟೇಪು ಹಿಡಿಯಿರಿ

14 ತಿಂಗಳು ಕೂತು ಕಟ್ಟಿದ ಹಡಗು ಈಗ ಬೀರುವಿನ ಮೇಲೆ ಹಳೇ ಬೆಡ್‌ಶೀಟ್ ಹೊದ್ದು ಕೂತಿದೆ. ಪೂರ್ತಿ ಮಾಡಿಲ್ಲ, ಮಾಡುವುದೂ ಇಲ್ಲ. ಎಸೆಯೋಕೆ ಮನಸ್ಸು ಬರುತ್ತಿಲ್ಲ, ನೋಡೋಕೂ ಆಗುತ್ತಿಲ್ಲ. ಹಾಯಿಹಡಗಿನ ಮರದ ಮಾದರಿ ಕಟ್ಟುವ ಹುಚ್ಚು ಇರುವವರು, ಅದರಲ್ಲೂ ಮೊದಲನೇ ಅಥವಾ ಎರಡನೇ ಕಿಟ್ ತರಿಸಲು ಹೊರಟವರು, ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ.

ನಾನು ಆರಿಸಿಕೊಂಡಿದ್ದು ‘ಬೌಂಟಿ’. 1789ರ ಏಪ್ರಿಲ್ 28ರಂದು ನಾವಿಕರು ದಂಗೆ ಎದ್ದು ಕ್ಯಾಪ್ಟನ್ ವಿಲಿಯಂ ಬ್ಲೈಯನ್ನು ದೋಣಿಗೆ ಇಳಿಸಿ ಕಳಿಸಿದರಲ್ಲ, ಅದೇ ಹಡಗು. ಮುಂದಿನ ವರ್ಷ ಜನವರಿಯಲ್ಲಿ ದಂಗೆಕೋರರೇ ಪಿಟ್‌ಕೇರ್ನ್ ದ್ವೀಪದ ಹತ್ತಿರ ಅದಕ್ಕೆ ಬೆಂಕಿ ಹಚ್ಚಿದರು. ಹಡಗು ಉಳಿಯದಿದ್ದರೂ ನಕ್ಷೆ ಉಳಿದಿದೆ. 1787ರಲ್ಲಿ ಬ್ರಿಟಿಷ್ ನೌಕಾಪಡೆ ಈ ಸರಕು ಹಡಗನ್ನು ಕೊಂಡು ರಿಪೇರಿ ಮಾಡಿಸಿದಾಗ ಬರೆಸಿದ ನಕ್ಷೆಗಳು ಗ್ರೀನಿಚ್‌ನ ಸಂಗ್ರಹಾಲಯದಲ್ಲಿವೆ. ಕೊಲಂಬಸ್‌ನ ಸಾಂತಾ ಮರಿಯಾ ಆಗಿದ್ದರೆ ಅದರ ನಕ್ಷೆಯೇ ಇಲ್ಲ, ಯಾರು ಕಟ್ಟಿದರೂ ಅದು ಊಹೆಯೇ. ಬೌಂಟಿ ಹಾಗಲ್ಲ, ಅದಕ್ಕೇ ತಪ್ಪಾಗುವ ಸಾಧ್ಯತೆ ಕಡಿಮೆ ಅಂದುಕೊಂಡೆ. ಎಂಥಾ ಲೆಕ್ಕಾಚಾರ ನೋಡಿ ನಂದು.

ಮಾರುವವರ ಹೆಸರು ಬರೆಯಲ್ಲ. ಪುಟದಲ್ಲಿದ್ದ ಫೋಟೋ ಮಾತ್ರ ಕಣ್ಣು ಕುಕ್ಕುವ ಹಾಗಿತ್ತು. ನೀಲಿ ಬಟ್ಟೆಯ ಮುಂದೆ ನಿಂತ ಹಡಗು, ಒಂದೊಂದು ಹಗ್ಗವೂ ಕೂದಲು ಬಾಚಿದ ಹಾಗೆ. ಕೆಳಗೆ 1:48 (ಅಂದರೆ ನಿಜವಾದ ಹಡಗಿನ 48ರಲ್ಲಿ ಒಂದು ಪಾಲು), ಮೂಲ ನಕ್ಷೆಯಂತೆ, ಒಟ್ಟು ಉದ್ದ ಇಷ್ಟು, ಅಷ್ಟೇ ವಿವರ. ನಾನು ಎರಡು ಪ್ರಶ್ನೆ ಕಳಿಸಿದೆ. ಯಾವ ನಕ್ಷೆ? ಹಲಗೆ ಯಾವ ಮರದ್ದು? ಮೊದಲನೆಯದಕ್ಕೆ ‘ಒರಿಜಿನಲ್’ ಅಂತ ಒಂದೇ ಪದದ ಉತ್ತರ ಬಂತು. ಎರಡನೆಯದಕ್ಕೆ ‘ಒಳ್ಳೆ ಮರ’ ಅಂತ. ಅಲ್ಲೇ ನಿಲ್ಲಿಸಬೇಕಿತ್ತು ಅಲ್ವಾ? ನಿಲ್ಲಿಸಲಿಲ್ಲ.

ಡಬ್ಬಿ ಬಿಚ್ಚಿದ ದಿನವೇ ಮೊದಲ ಎಡವಟ್ಟು. ಕೀಲ್ ಅಂದರೆ ಹಡಗಿನ ಬೆನ್ನೆಲುಬು, ಅದರ ಪ್ಲೈವುಡ್ ಬಾಳೆಲೆ ಥರ ಬಾಗಿತ್ತು. ಸಪಾಟಾದ ಗಾಜಿನ ಮೇಲೆ ಇಟ್ಟರೆ ನಡುವೆ 3 ಮಿ.ಮೀ. ಸಂದು. ಒಂದು ವಾರ ಭಾರ ಹೇರಿ ಇಟ್ಟೆ, ನೆಟ್ಟಗಾಯಿತು ಅನ್ನಿಸಿತು, ಖುಷಿಯಲ್ಲಿ ಅಡ್ಡ ಪಟ್ಟಿಗಳನ್ನೆಲ್ಲ ಅಂಟಿಸಿಬಿಟ್ಟೆ. ತಿಂಗಳಾದ ಮೇಲೆ ಮುಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಮೂತಿ ಒಂದು ಕಡೆ, ಹಿಂಬದಿ ಕಂಬ ಇನ್ನೊಂದು ಕಡೆ. ಬಾಗಿದ ಪ್ಲೈವುಡ್ ಹೇಗೋ ಹಳೇ ಚಾಳಿಗೆ ವಾಪಸ್ ಹೋಗುತ್ತದೆ. ಕೀಲ್ ಬಾಗಿದ್ದರೆ ಅದನ್ನು ತಿದ್ದಲು ಕೂರಬೇಡಿ, ಬದಲಿ ಕೇಳಿ. ಕೊಡದಿದ್ದರೆ ಅದೇ ಆಕಾರದಲ್ಲಿ ಬೇರೆ ಒಳ್ಳೆ ಪ್ಲೈವುಡ್‌ನಲ್ಲಿ ಕತ್ತರಿಸಿಕೊಳ್ಳಿ. ಅದು ಅರ್ಧ ದಿನದ ಕೆಲಸ. ನಾನು ಮಾಡಿದ್ದು ಎರಡು ತಿಂಗಳ ಸರ್ಕಸ್ಸು, ಒಂದು ಬದಿಗೆ ತೆಳು ಪಟ್ಟಿ ಸೇರಿಸು, ಇನ್ನೊಂದು ಬದಿ ಉಜ್ಜು, ಮತ್ತೆ ಸೇರಿಸು.

ಹಲಗೆ ವಿಷಯ ಜಾಸ್ತಿ ಹೇಳಲ್ಲ. ಮೂತಿಯಿಂದ ಹಿಂಬದಿಯವರೆಗೆ ಒಂದೇ ಉದ್ದದ ಪಟ್ಟಿ ಓಡಿಸಿ ಅಂತ ಸೂಚನೆ ಇತ್ತು. ನಿಜವಾದ ಹಡಗಿನಲ್ಲಿ ಹಾಗೆ ಮಾಡಬೇಕಾದರೆ 28 ಮೀಟರ್ ಉದ್ದದ ಹಲಗೆ ಬೇಕು, ಅಂಥ ಮರ ಎಲ್ಲಿಂದ ತರೋದು? ಆಗಿನ ಬಡಗಿಗಳು ತುಂಡು ತುಂಡು ಹಲಗೆ ಜೋಡಿಸುತ್ತಿದ್ದರು, ಸೇರುವ ಜಾಗ ಮೇಲೆ ಕೆಳಗೆ ಒಂದೇ ಸಾಲಿಗೆ ಬರದ ಹಾಗೆ ನೋಡಿಕೊಳ್ಳುತ್ತಿದ್ದರು. ಇದು ಗೊತ್ತಿದ್ದರಿಂದ ನಾನೇ ಕತ್ತರಿಸಿ ಜೋಡಿಸಿದೆ. ಬೇಗ ಆಗಲಿ ಅಂತ ಸೂಪರ್ ಗ್ಲೂ ಹಾಕಿದ್ದು ನನ್ನದೇ ತಪ್ಪು, ಅಂಟು ಸೋರಿದ ಕಡೆಯೆಲ್ಲ ಬಣ್ಣ ಹೀರದೆ ಕಲೆ ಉಳಿಯಿತು. ಅದನ್ನು ಮಾರಿದವರ ತಲೆಗೆ ಕಟ್ಟಲ್ಲ.

ಒಂಬತ್ತನೇ ತಿಂಗಳಲ್ಲಿ ದೋಣಿ ಕಟ್ಟಲು ಕೂತೆ.

ಕಿಟ್‌ನಲ್ಲಿ ಬಂದ ದೋಣಿಗಳು ಎರಕದ ಲೋಹದ್ದು, ಸೋಪಿನ ಪೆಟ್ಟಿಗೆ ಥರ ಇದ್ದವು. ಬ್ಲೈಯನ್ನು ಇಳಿಸಿದ ಆ ದೊಡ್ಡ ದೋಣಿ ನನಗೆ ಮುಖ್ಯ. ಬರೀ 23 ಅಡಿ ಉದ್ದದ ಆ ದೋಣಿಯಲ್ಲಿ 19 ಜನ ಕೂತು ತಿಮೋರ್ ತನಕ 3,600ಕ್ಕೂ ಜಾಸ್ತಿ ನಾಟಿಕಲ್ ಮೈಲಿ ಹೋದರು. ಅದನ್ನು ಎರಕದ ಸೋಪಿನ ಪೆಟ್ಟಿಗೆ ಮಾಡಿ ಇಡೋಕೆ ಮನಸ್ಸು ಒಪ್ಪಲಿಲ್ಲ. 23 ಅಡಿಯನ್ನು 48ರಿಂದ ಭಾಗಿಸಿದರೆ 14.6 ಸೆಂ.ಮೀ. ಮೂರು ವಾರ ಕೂತು ಹಲಗೆ ಹಲಗೆ ಜೋಡಿಸಿ ದೋಣಿ ಕಟ್ಟಿದೆ. ಡೆಕ್ ಮೇಲೆ ಇಟ್ಟು ನೋಡಿದರೆ ಮೈದಾನದ ನಡುವೆ ಚಪ್ಪಲಿ ಬಿಟ್ಟ ಹಾಗೆ ಕಾಣಿಸಿತು.

ನನಗೆ ಅನುಮಾನ ಬಂದಿದ್ದು ದೋಣಿ ಮೇಲೆ. ಲೆಕ್ಕ ತಪ್ಪಿರಬೇಕು ಅಂತ ಮತ್ತೆ ಅಳೆದು, ಎರಡನೇ ದೋಣಿ ಕಟ್ಟಿದೆ. ಅದೂ 14.6 ಸೆಂ.ಮೀ. ಬಂತು, ಬರದೆ ಇನ್ನೇನು! ಆಗ ಹೊಳೆಯಿತು, ಇಷ್ಟು ದಿನ ನಾನು ಹಡಗಿನ ಅಳತೆಯನ್ನೇ ತೆಗೆದಿಲ್ಲ ಅಂತ.

ಬೌಂಟಿಯ ಮೇಲಿನ ಡೆಕ್ ಸುಮಾರು 91 ಅಡಿ. 1:48ರಲ್ಲಿ ಅದು 58 ಸೆಂ.ಮೀ. ಆಗಬೇಕು. ಟೇಪು ಹಿಡಿದರೆ ನನ್ನದು 76. ಅಗಲವೂ ಹಾಗೇ ಉಬ್ಬಿತ್ತು. 76 ಸೆಂ.ಮೀ.ಯನ್ನು 48ರಿಂದ ಗುಣಿಸಿದರೆ ಸುಮಾರು 120 ಅಡಿ ಬರುತ್ತದೆ, ಆ ಅಂಕಿ ನೋಡಿದ್ದೇ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು, ಯಾಕೆಂದರೆ 120 ಅಡಿಯ ಇನ್ನೊಂದು ಬೌಂಟಿ ಇತ್ತು. 1960ರಲ್ಲಿ ಕೆನಡಾದ ಲೂನೆನ್‌ಬರ್ಗ್‌ನಲ್ಲಿ ಸಿನಿಮಾ ಶೂಟಿಂಗಿಗೆ ಅಂತ ಕಟ್ಟಿದ್ದು. ಕ್ಯಾಮೆರಾ, ಲೈಟು, ಜನ ಎಲ್ಲ ಹಿಡಿಯಬೇಕಲ್ಲ, ಅದಕ್ಕೆ ಮೂಲಕ್ಕಿಂತ ಸುಮಾರು ಮೂರನೇ ಒಂದು ಭಾಗ ದೊಡ್ಡದಾಗಿ ಕಟ್ಟಿದರು. ಅವರ ಕೆಲಸಕ್ಕೆ ಅದು ಸರಿಯೇ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತಕ್ಕೆ ಸಿಕ್ಕಿ ಅದೂ ಮುಳುಗಿತು. ಈ ಕಿಟ್ ಮಾಡಿದವರು ಗ್ರೀನಿಚ್ ನಕ್ಷೆ ಬಿಟ್ಟು ಆ ಸಿನಿಮಾ ಹಡಗನ್ನು ನೋಡಿ ಬರೆದಿದ್ದಾರೆ ಅನ್ನುವುದು ನನ್ನ ಅನುಮಾನ. ಅನುಮಾನ ಅಷ್ಟೇ, ಆದರೆ ಅಂಕಿ ಇಷ್ಟು ಚೆನ್ನಾಗಿ ಸುಮ್ನೆ ಹೊಂದುವುದಿಲ್ಲ.

ಗೆಳೆಯರೊಬ್ಬರು ಹೇಳಿದರು, ಬಿಡು ಮಾರಾಯ, ಒಡಲು ಹೇಗೂ 1:36ಕ್ಕೆ ಹತ್ತಿರ ಬರುತ್ತೆ, ಹಾಗಂತಲೇ ಫಲಕ ಹಾಕಿಬಿಡು, ಯಾರಿಗೆ ಗೊತ್ತಾಗುತ್ತೆ. ನಾನೂ ಒಂದು ರಾತ್ರಿ ಆ ಆಸೆಗೆ ಬಿದ್ದೆ. ಆಮೇಲೆ ಬಾಗಿಲು ಅಳೆದೆ, 3.8 ಸೆಂ.ಮೀ. 1:48ರಲ್ಲಿ ಅದು ಸರಿಯಾಗಿ 6 ಅಡಿ, 1:36 ಅಂದರೆ ನಾಲ್ಕೂವರೆ ಅಡಿ. ಅಂದರೆ ಒಡಲು ಒಂದು ಅಳತೆ, ಮೇಲಿನ ಸಾಮಾನು ಇನ್ನೊಂದು ಅಳತೆ. ಮೆಟ್ಟಿಲು, ಕಂಬಿ, ರಾಟೆ ಎಲ್ಲ ಅದೇ ಕಥೆ.

ಒಂದು ಹುಳುಕು ಕಂಡ ಮೇಲೆ ಉಳಿದಿದ್ದೆಲ್ಲ ತಾನಾಗಿ ಕಾಣತೊಡಗಿತು. ಕಿಟ್‌ನಲ್ಲಿ 12 ಫಿರಂಗಿ ಇದ್ದವು. ಬೌಂಟಿಯಲ್ಲಿ ಇದ್ದಿದ್ದು ನಾಲ್ಕೇ ನಾಲ್ಕು ಸಣ್ಣ ಫಿರಂಗಿ, ಜೊತೆಗೆ ಕಟಕಟೆ ಮೇಲೆ ತಿರುಗಿಸುವ 10 ಪುಟ್ಟ ತೋಪು. ಅದು ಯುದ್ಧಕ್ಕೆ ಹೊರಟ ಹಡಗೇ ಅಲ್ಲವಲ್ಲ. ತಳದ ತಾಮ್ರದ ತಗಡಿನ ಮೇಲೆ 1 ಮಿ.ಮೀ. ಉಬ್ಬಿದ ಮೊಳೆತಲೆ. 48ರಿಂದ ಗುಣಿಸಿ ನೋಡಿ, ನಿಂಬೆಹಣ್ಣಿನ ಗಾತ್ರದ ಮೊಳೆ! ನಾವಿಕರು ಹತ್ತಲು ಅಡ್ಡಡ್ಡ ಕಟ್ಟುವ ರ್ಯಾಟ್‌ಲೈನ್‌ಗೂ, ಹಾಯಿಕಂಬವನ್ನು ಎಳೆದು ಹಿಡಿಯುವ ದೊಡ್ಡ ಹಗ್ಗಕ್ಕೂ ಒಂದೇ ದಪ್ಪದ ದಾರ.

ಇದೆಲ್ಲ ಹೋಗಲಿ, ದಾರ ಬದಲಿಸಬಹುದು, ಫಿರಂಗಿ ಎತ್ತಿ ಇಡಬಹುದು. ನನಗೆ ಅರಗದೇ ಇದ್ದಿದ್ದು ಹಿಂಬದಿಯ ಕೋಣೆ. ಬೌಂಟಿ ಹೊರಟಿದ್ದೇ ಟಹೀಟಿಯಿಂದ ದೀವಿ ಹಲಸಿನ ಸಸಿ ತರಲು. ವೆಸ್ಟ್ ಇಂಡೀಸ್ ತೋಟಗಳ ಗುಲಾಮರಿಗೆ ಕಡಿಮೆ ಖರ್ಚಿನಲ್ಲಿ ಊಟ ಹಾಕುವ ಯೋಜನೆ ಅದು. ಅದಕ್ಕಾಗಿ ಕ್ಯಾಪ್ಟನ್ನಿನ ದೊಡ್ಡ ಕೋಣೆಯನ್ನೇ ಸಸಿಮನೆ ಮಾಡಿದರು. ಕುಂಡ ಕೂರಿಸಲು ತೂತು ಕೊರೆದ ಹಲಗೆ, ನೀರು ಕೆಳಗೆ ಇಳಿಯದಂತೆ ಸೀಸದ ಹೊದಿಕೆ, ಬಸಿದ ನೀರನ್ನು ಮತ್ತೆ ಹಿಡಿದುಕೊಳ್ಳಲು ಕೊಳವೆ. ಸಾವಿರಕ್ಕೂ ಹೆಚ್ಚು ಸಸಿ ಅಲ್ಲಿದ್ದವು. ಕ್ಯಾಪ್ಟನ್ ಮಲಗಲು ಸಣ್ಣ ಗೂಡು ಸಿಕ್ಕಿತು ಅಷ್ಟೇ. ನನ್ನ ಕಿಟ್‌ನಲ್ಲಿ ಆ ಜಾಗದಲ್ಲಿ ಏನಿತ್ತು ಗೊತ್ತಾ? ಊಟದ ಮೇಜು, ಆರು ಕುರ್ಚಿ.

ಮಾರಿದವರಿಗೆ ಅಳತೆ ಸಮೇತ ಬರೆದೆ. ‘ಸ್ಕೇಲ್ ಅಂದಾಜು’ ಅಂದರು. ಆಮೇಲೆ ‘ಅಲಂಕಾರದ ವಸ್ತು’ ಅಂದರು. ಮೂರನೇ ಸಲ ಬರೆಯೋಕೆ ಹೋದರೆ ಬ್ಲಾಕ್. ಕಟ್ಟಿದ ಕಿಟ್ ವಾಪಸ್ ತೆಗೆದುಕೊಳ್ಳಲ್ಲ ಅನ್ನುವುದು ನ್ಯಾಯವೇ, ಆದರೆ ಕಟ್ಟದೆ ತಪ್ಪು ಗೊತ್ತಾಗುವುದು ಹೇಗೆ? ಇನ್ನೊಂದು ವಿಷಯ. ಆ ನೀಲಿ ಬಟ್ಟೆಯ ಫೋಟೋವನ್ನು ಚಿತ್ರ ಹುಡುಕಾಟಕ್ಕೆ ಹಾಕಿದರೆ ಬೇರೊಬ್ಬರ ಮನೆಯ ಹಡಗು ಅಂತ ತಿಳಿಯಿತು, ಅವರು ಕಟ್ಟಿದ್ದು ಬೇರೆ ಕಂಪನಿಯ ಕಿಟ್. ಅವರಿಗೆ ಬರೆದು ಕೇಳಿದೆ. ತನ್ನ ಫೋಟೋ ಬಳಸಿದ್ದು ಅವರಿಗೇ ಗೊತ್ತಿರಲಿಲ್ಲ. ಈ ಹುಡುಕಾಟಕ್ಕೆ ಹಿಡಿಯುವುದು ಅರ್ಧ ನಿಮಿಷ, ನಾನು ಮಾಡಿದ್ದು ದುಡ್ಡು ಕೊಟ್ಟು ಒಂದು ವರ್ಷ ಆದ ಮೇಲೆ.

‘ಒಟ್ಟು ಉದ್ದ’ ಅನ್ನುವ ಅಂಕಿಗೆ ಮರುಳಾಗಬೇಡಿ, ಅದರಲ್ಲಿ ಮೂತಿಯಿಂದ ಮುಂದಕ್ಕೆ ಚಾಚಿದ ಕಂಬವೂ ಸೇರಿರುತ್ತದೆ, ಯಾವುದಕ್ಕೂ ಹೋಲಿಸಲು ಬರಲ್ಲ. ಡೆಕ್ ಉದ್ದ ಎಷ್ಟು, ಅಗಲ ಎಷ್ಟು, ಸೆಂ.ಮೀ. ಲೆಕ್ಕದಲ್ಲಿ ಬರೆದು ಕೊಡಿ ಅಂತ ಕೇಳಿ. ಸ್ಕೇಲ್‌ನಿಂದ ಗುಣಿಸಿ ನಿಜವಾದ ಹಡಗಿನ ಅಳತೆಗೆ ಹಿಡಿದು ನೋಡಿ. ಕಟ್ಟುತ್ತಿರುವಾಗಿನ ಫೋಟೋ ಕೇಳಿ, ಹಲಗೆ ಹೊದಿಸುವ ಮುಂಚಿನ ಅಸ್ಥಿಪಂಜರದ್ದು, ಕದ್ದ ಫೋಟೋ ಇಟ್ಟುಕೊಂಡವರ ಹತ್ತಿರ ಅದು ಇರುವುದು ಕಷ್ಟ. ಒಳ್ಳೆ ಕಿಟ್ ಮಾಡುವವರು ಇಂಥ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ, ನಮಗಿಂತ ಅವರೇ ಜಾಸ್ತಿ ಮಾತಾಡುತ್ತಾರೆ.

ಎರಡು ದೋಣಿ ಮಾತ್ರ ಮೇಜಿನ ಮೇಲಿವೆ, ಇಡೀ ಕೆಲಸದಲ್ಲಿ ಅಳತೆ ಸರಿ ಇರುವುದು ಅವೇ. ಗ್ರೀನಿಚ್ ನಕ್ಷೆಯ ಪ್ರತಿ ತರಿಸಿಕೊಂಡಿದ್ದೇನೆ, ಈ ಸಲ ಕೀಲ್ ನಾನೇ ಕತ್ತರಿಸುತ್ತೇನೆ. ಮೊನ್ನೆ ಬೇರೆ ಹೆಸರಿನ ಪುಟದಲ್ಲಿ ಇನ್ನೊಂದು ಹಡಗು ಮಾರಾಟಕ್ಕೆ ಬಂದಿತ್ತು. ಕೆಳಗೆ ಅದೇ ಎರಡು ಸಾಲಿನ ವಿವರ, ಅದೇ ‘ಒಳ್ಳೆ ಮರ’.